ಸೂಜಿಗೆ ದಾರ ಪೋಣಿಸುವ ನೌಕರಿ



ನಾನು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯವನು. ನಿಮ್ಮಲ್ಲಿ ಬಹಳ ಜನರ ಹಾಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಿಟ್ಟು ಬಂದಾಗ ಯಾವುದು ಮೊದಲು ಬಾಯಿಗೆ ಬರುತ್ತದೋ ಅದು. ಮ್ಯಾಟ್ರಿಕ್ ಮುಗಿಸಿ 1981ರಲ್ಲಿ ಬ್ಯಾಂಕಿನಲ್ಲಿ ಕಾರಕೂನನಾಗಿ ಸೇರಿದೆ, 2019ರಲ್ಲಿ ಕಾರಕೂನನಾಗಿಯೇ ನಿವೃತ್ತನಾದೆ. ಬ್ಯಾಂಕಿನ ಪೆನ್ಶನರ ಎಂದ ಕೂಡಲೇ ಜನ ಬಡ್ಡಿಯ ದರ ಕೇಳುತ್ತಾರೆ, ಇಲ್ಲವೆ ಸಾಲದ ಅರ್ಜಿ ತುಂಬಿಸಿಕೊಳ್ಳುತ್ತಾರೆ. ಇವತ್ತು ಅದು ಬೇಡ. ನಿವೃತ್ತಿಯಾದ ಮೇಲೆ ನನಗೆ ಸಿಕ್ಕ ಇನ್ನೊಂದು ನೌಕರಿಯ ವಿಷಯ ಹೇಳುತ್ತೇನೆ. ಅದಕ್ಕೆ ಪಗಾರ ಇಲ್ಲ, ದಿನಕ್ಕೆ ಎರಡು ಕಪ್ಪು ಚಹಾ ಇದೆ.

ಮಧ್ಯಾಹ್ನ ಎರಡೂವರೆಗೆ ನಾನು ಕನ್ನಡಕ ಹಾಕಿಕೊಂಡು ನನ್ನ ಅಕ್ಕನ ಮನೆಗೆ ಹೋಗುತ್ತೇನೆ. ಅಕ್ಕನನ್ನು ಸೋದರಮಾವನಿಗೇ ಕೊಟ್ಟದ್ದರಿಂದ ಅವಳು ಊರಲ್ಲೇ ಉಳಿದಳು, ನಮ್ಮ ಹಿಂದಿನ ಓಣಿ. ಪಡಸಾಲೆಯಲ್ಲಿ ಕೌದಿ ಹಾಸಿರುತ್ತದೆ. ಮೂಲೆಯಲ್ಲಿ ಸಿಪ್ಪೆ ಸುಲಿದ ಜೋಳದ ದಂಟಿನ ಬೆಂಡು, ಅದರ ತುಂಬ ಸೂಜಿ. ನಾನು ಒಂದೊಂದೇ ಸೂಜಿ ತೆಗೆದು ದಾರ ಪೋಣಿಸಿ, ತುದಿಗೆ ಗಂಟು ಹಾಕಿ, ಮತ್ತೆ ಬೆಂಡಿಗೆ ಚುಚ್ಚಿ ಇಡುತ್ತೇನೆ. ಇಪ್ಪತ್ತು ಸೂಜಿ ಆದರೆ ಆ ಹೊತ್ತಿನ ಕೆಲಸ ಮುಗಿಯಿತು. ಸುತ್ತ ಕುಳಿತವರೆಲ್ಲ ಎಪ್ಪತ್ತರ ಆಚೀಚಿನವರು. ಹೊಲಿಯಲು ಅವರ ಕೈಗೆ ಕಣ್ಣು ಬೇಕಿಲ್ಲ, ಆದರೆ ಸೂಜಿಯ ತೂತಿಗೆ ಬೇಕು.

ಮೊದಲ ದಿನ ನಾನು ಮಾರುದ್ದ ದಾರ ತೆಗೆದಿದ್ದೆ. ಪದೇ ಪದೇ ಪೋಣಿಸುವ ತಾಪತ್ರಯ ತಪ್ಪೀತು ಎಂದು ನನ್ನ ಲೆಕ್ಕ. ಅಕ್ಕ ಒಂದೇ ಮಾತು ಅಂದಳು: "ತಮ್ಮಾ, ಉದ್ದ ದಾರ ಸೋಂಬೇರಿ ದಾರ. ನಡುವ ಗಂಟ ಬೀಳ್ತದ. ಎರಡ ಮೊಳ ಸಾಕು." ಅಂದಿನಿಂದ ಎರಡು ಮೊಳ.

ಕೌದಿ ಎಂದರೆ ಏನು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಹುಟ್ಟಿದ್ದೇ ಅದರ ಮೇಲೆ. ಆದರೆ ನಮ್ಮ ಅಕ್ಕನ ಪಡಸಾಲೆಯಲ್ಲಿ ಅದಕ್ಕೆ ನಾಲ್ಕು ಹೆಸರು. ಅಕ್ಕನಿಗೆ ಅದು ಕೌದಿ. ಬಾರ್ಶಿ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದ ಕಾಕೂಗೆ ವಾಕಳ. ಮುಲ್ಲಾರ ಮನೆಯ ಚಾಚಿಗೆ ಗುದಡಿ. ಇನ್ನೊಬ್ಬರಿದ್ದರು, ಅತ್ತಮ್ಮ. ಸೊಲ್ಲಾಪುರದ ಪದ್ಮಶಾಲಿ ಮನೆತನ, ಕೈಮಗ್ಗ ನಿಂತ ಮೇಲೆ ಗಂಡನ ಜೊತೆ ನಮ್ಮೂರಿಗೆ ಬಂದು ಕಿರಾಣಿ ಅಂಗಡಿ ಇಟ್ಟವರು. ತೆಲುಗಿನವರಾದ್ದರಿಂದ ಅವರು ಬೊಂತ ಅನ್ನುತ್ತಿದ್ದರು. ನಾಲ್ವರೂ ಒಟ್ಟಿಗೆ ಕುಳಿತು ಮಾತಾಡುವಾಗ ಯಾರು ಯಾವ ಭಾಷೆಯಲ್ಲಿ ಕೇಳಿದರು, ಯಾರು ಯಾವುದರಲ್ಲಿ ಉತ್ತರ ಕೊಟ್ಟರು ಎಂದು ಅವರಿಗೇ ನೆನಪಿರುತ್ತಿರಲಿಲ್ಲ. ಬೀಸುಕಲ್ಲಿನ ಪದ ಅಕ್ಕ ಎತ್ತಿದರೆ, ಅದೇ ಧಾಟಿಗೆ ಹತ್ತಿರದ ಓವಿ ಕಾಕು ಎತ್ತುತ್ತಿದ್ದರು. ಬೀಸುಕಲ್ಲು ಹೋಗಿ ಹಿಟ್ಟಿನ ಗಿರಣಿ ಬಂದು ಎಷ್ಟು ವರ್ಷವಾಯಿತು! ಪದ ಮಾತ್ರ ಬೀಸುಕಲ್ಲು ಬಿಟ್ಟು ಕೌದಿಗೆ ಬಂದು ಕುಳಿತಿತ್ತು.

ಕೆಲಸ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ನಾನು ಅರವತ್ತು ವರ್ಷ ಕೌದಿ ಹೊದ್ದು ಮಲಗಿದವನು, ಅದನ್ನು ಹೇಗೆ ಮಾಡುತ್ತಾರೆಂದು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ಹಿಂಗಾರಿ ಜೋಳದ ರಾಶಿಯಾಗಿ ಕಣ ಖಾಲಿಯಾದ ಮೇಲೆ, ಮಿರುಗದ ಮಳೆಗೆ ಮುಂಚೆ, ಇದರ ಹಂಗಾಮು. ವರ್ಷವಿಡೀ ಗಂಟು ಕಟ್ಟಿಟ್ಟ ಹಳೆ ಬಟ್ಟೆ ಹೊರಗೆ ಬರುತ್ತದೆ. ಸೀರೆ, ಧೋತರ, ರುಮಾಲು, ಮಕ್ಕಳ ಅಂಗಿ. ಎಲ್ಲವನ್ನೂ ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದು ಒಣಗಿಸಬೇಕು. ಅಂಗಿಗಳ ಹೊಲಿಗೆ ಬಿಚ್ಚಿ, ಗುಂಡಿ ಕಿತ್ತು ಡಬ್ಬಿಗೆ ಹಾಕಬೇಕು. ನಮ್ಮ ಅಕ್ಕನ ಗುಂಡಿ ಡಬ್ಬಿಯಲ್ಲಿ ಊರಿನ ಮೂರು ತಲೆಮಾರಿನ ಗುಂಡಿಗಳಿವೆ. ಆಮೇಲೆ ಸಾರಿಸಿದ ನೆಲದ ಮೇಲೆ ಅಡಿಪದರು ಹಾಸಿ, ಸುಕ್ಕು ಬಿಡಿಸಿ ಎಳೆದು, ನಾಲ್ಕು ಮೂಲೆಗೆ ನೀರು ತುಂಬಿದ ತಂಬಿಗೆ ಇಡುತ್ತಾರೆ. ಅದರ ಮೇಲೆ ಜೂಲು ಬಟ್ಟೆಗಳ ಪದರು. ಹರಿದದ್ದು, ತೂತು ಬಿದ್ದದ್ದು, ಬಣ್ಣ ಹೋದದ್ದು ಎಲ್ಲ ನಡುವೆ ಹೋಗುತ್ತವೆ. ಅಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ತೆಳುವು ಆಗಬಾರದು. ಇದನ್ನು ಅಕ್ಕ ಅಂಗೈಯಿಂದ ಸವರಿ ನೋಡಿಯೇ ಹೇಳುತ್ತಾಳೆ. ಮೇಲಿನ ಪದರಿಗೆ ಮಾತ್ರ ಬಣ್ಣದ ತುಂಡುಗಳು.

ಈ ತುಂಡು ಜೋಡಿಸುವ ಹೊತ್ತಿನಲ್ಲಿ ಯಾರೂ ಮಾತಾಡುವುದಿಲ್ಲ. ಅಕ್ಕ ಎದ್ದು ನಿಂತು ದೂರದಿಂದ ನೋಡುತ್ತಾಳೆ. ಕೆಂಪಿನ ಪಕ್ಕ ಹಸಿರು ಇಟ್ಟಿದ್ದನ್ನು ತೆಗೆದು ಬೂದಿ ಬಣ್ಣದ್ದು ಇಡುತ್ತಾಳೆ. ಮತ್ತೆ ನೋಡುತ್ತಾಳೆ. ಒಮ್ಮೊಮ್ಮೆ ಎರಡು ದಿನ ಹಾಗೆಯೇ ಬಿಟ್ಟು, ಅದನ್ನು ದಾಟಿಕೊಂಡು ಅಡಿಗೆಮನೆಗೆ ಓಡಾಡುತ್ತಾಳೆ. ಚೌಕದ ನಡುವೆ ಚೌಕ, ಅಂಚಿಗೆ ಮುಮ್ಮೂಲೆ ತುಂಡುಗಳ ಸಾಲು, ಇದು ಎಲ್ಲ ಕಡೆ ಇರುವುದೇ. ಆದರೆ ಯಾವ ತುಂಡಿನ ಪಕ್ಕ ಯಾವುದು ಎಂಬುದು ಅವಳದೇ. "ನೀ ದೊಡ್ಡ ಕಲಾವಿದೆ ಆದಿ ನೋಡು" ಎಂದು ನಾನು ಚೇಷ್ಟೆ ಮಾಡಿದರೆ, "ಹೌದಪ್ಪಾ, ಚಿಂದಿ ಕಲಾವಿದಿ" ಎಂದು ನಗುತ್ತಾಳೆ. ನಾನೂ ಆ ಮಾತನ್ನು ಚೇಷ್ಟೆಗೇ ಅಂದದ್ದು, ಬಹಳ ವರ್ಷ. ಬ್ಯಾಂಕಿನಲ್ಲಿ ನೂರಾರು ಹೆಣ್ಣುಮಕ್ಕಳ ಫಾರ್ಮು ತುಂಬಿದ್ದೇನೆ. ಉದ್ಯೋಗದ ಜಾಗದಲ್ಲಿ ಕೇಳದೆಯೇ "ಮನೆಗೆಲಸ" ಎಂದು ಬರೆಯುತ್ತಿದ್ದೆ. ಅಕ್ಕನ ಖಾತೆಯಲ್ಲಿಯೂ ಹಾಗೆಯೇ ಇದೆ.

ತುಂಡು ಕೂಡಿದ ಮೇಲೆ ಉದ್ದುದ್ದ ಟಾಕಿ ಹಾಕಿ ಪದರುಗಳನ್ನು ಹಿಡಿದಿಡುತ್ತಾರೆ. ಆಮೇಲೆ ಅಸಲು ಹೊಲಿಗೆ. ನಾಲ್ವರೂ ನಾಲ್ಕು ಮಗ್ಗುಲಿಗೆ ಕುಳಿತು ಅಂಚಿನಿಂದ ಸುರು ಮಾಡಿ ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ಒಬ್ಬರು ಮುಂದೆ ಹೋದರೆ ಬಟ್ಟೆ ಜಗ್ಗಿ ಸುಕ್ಕು ಬೀಳುತ್ತದೆ, ಆದ್ದರಿಂದ ಮುಂದಿನವರು ಕಾಯಬೇಕು, ಹಿಂದಿನವರು ಬೇಗ ಬರಬೇಕು. ನಾನು ಲೆಕ್ಕದ ಮನುಷ್ಯ, ಒಂದು ದಿನ ಅಳತೆ ಮಾಡಿದೆ. ಐದು ಅಡಿಗೆ ಏಳು ಅಡಿ ಕೌದಿ. ಸಾಲಿನಿಂದ ಸಾಲಿಗೆ ಅರ್ಧ ಇಂಚು. ಒಟ್ಟು ಹೊಲಿಗೆಯ ಉದ್ದ 840 ಅಡಿ. ಇಂಚಿಗೆ ಮೂರು ಹೊಲಿಗೆ ಹಿಡಿದರೂ 30 ಸಾವಿರ ದಾಟುತ್ತದೆ. ಕಾಗದ ತೋರಿಸಿದೆ. ಚಾಚಿ ಹೇಳಿದರು: "ಅಷ್ಟ ಅಂತ ಮೊದಲೇ ಗೊತ್ತಿದ್ರ ಯಾರ ಸುರು ಮಾಡ್ತಿದ್ರಪಾ?"

ಬ್ಯಾಂಕಿನಲ್ಲಿ ನನ್ನ ಕೆಲಸದ ಒಂದು ಭಾಗ ಸಹಿ ತಾಳೆ ನೋಡುವುದು. ಕಾರ್ಡಿನ ಮೇಲಿನ ಸಹಿ, ಚೆಕ್ಕಿನ ಮೇಲಿನ ಸಹಿ, ಎರಡೂ ಒಬ್ಬರದೇ ಹೌದೋ ಅಲ್ಲವೋ. ಮೂವತ್ತೆಂಟು ವರ್ಷ ಅದನ್ನೇ ಮಾಡಿದ ಕಣ್ಣಿಗೆ ಒಂದು ರೂಢಿ ಬಿದ್ದಿರುತ್ತದೆ. ಅಕ್ಕನ ಪಡಸಾಲೆಯಲ್ಲಿ ಕುಳಿತ ಒಂದು ತಿಂಗಳಿಗೆ ನನಗೆ ಹೊಲಿಗೆ ಕಂಡರೆ ಕೈ ಯಾರದು ಎಂದು ತಿಳಿಯತೊಡಗಿತು. ಅಕ್ಕನ ಹೊಲಿಗೆ ನೇರ, ಅಂತರ ಸಮ. ಚಾಚಿಯದು ಉದ್ದ, ಅವಸರದ್ದು, ಮೂಲೆ ತಿರುಗುವಾಗ ಒಂದು ಹೊಲಿಗೆ ತಪ್ಪದೆ ಅಡ್ಡ ಬೀಳುತ್ತದೆ. ಅತ್ತಮ್ಮನದು ಬಿಗಿ, ಮಗ್ಗದವರ ಕೈ, ಬಟ್ಟೆ ಸ್ವಲ್ಪ ಒಳಗೆ ಎಳೆದುಕೊಂಡಿರುತ್ತದೆ. ಕಾಕೂನದು ಎಳ್ಳು ಉದುರಿಸಿದಷ್ಟು ಸಣ್ಣ. ಇಂಚಿಗೆ ಐದು. ಹಿಂದೆ ತಿರುಗಿಸಿ ನೋಡಿದರೂ ಮುಂದಿನಷ್ಟೇ ಚೊಕ್ಕ. ಈ ಕಾಕೂನ ಹೊಲಿಗೆಯ ವಿಷಯಕ್ಕೆ ನಾನು ಮುಂದೆ ಬರಬೇಕಾಗಿದೆ, ಅದು ನನ್ನ ತಪ್ಪಿನ ಕಥೆ.

ಅದಕ್ಕೆ ಮೊದಲು ನಮ್ಮ ಮನೆಯ ಕೌದಿಗಳ ಬಗ್ಗೆ ಎರಡು ಮಾತು. 1972ರ ಬರದಲ್ಲಿ ನನಗೆ ಹದಿಮೂರು ವರ್ಷ. ಅವ್ವ ಮತ್ತು ಅಕ್ಕ ಕಾಮಗಾರಿಗೆ ಹೋಗಿ ಖಡಿ ಒಡೆಯುತ್ತಿದ್ದರು. ಆ ವರ್ಷ ಹಳೆ ಸೀರೆ ಎಂಬುದೇ ಇರಲಿಲ್ಲ. ಇದ್ದ ಸೀರೆಯೇ ಹಳೆಯದು, ಅದನ್ನೇ ಉಡಬೇಕು. ಪರಿಹಾರದ ಕಾಳು ಬಂದ ಚೀಲದ ಬಟ್ಟೆಯನ್ನು ಅವ್ವ ಕೌದಿಯ ನಡುವಿನ ಪದರಿಗೆ ಹಾಕಿದಳು. ಮೇಲಿನ ಪದರು ಸವೆದಂತೆಲ್ಲ ಒಳಗಿನ ಚೀಲದ ಅಕ್ಷರಗಳು ಇಣುಕುತ್ತಿದ್ದವು. ನಾನು ದೀಪದ ಬೆಳಕಿನಲ್ಲಿ ಅವನ್ನು ಕೂಡಿಸಿ ಓದುತ್ತಿದ್ದೆ. ನನ್ನ ಇಂಗ್ಲಿಷು ಅಲ್ಲಿಂದ ಸುರುವಾಯಿತು ಎಂದರೂ ಸುಳ್ಳಲ್ಲ.

1993ರ ಸೆಪ್ಟೆಂಬರ್ 30, ಕಿಲ್ಲಾರಿಯ ಭೂಕಂಪ. ಹಿಂದಿನ ದಿನ ಅನಂತ ಚತುರ್ದಶಿ, ಗಣಪತಿ ಕಳಿಸಿ ಬಂದು ಎಲ್ಲರೂ ದಣಿದು ಮಲಗಿದ್ದರು. ನಸುಕಿನ ನಾಲ್ಕಕ್ಕೆ ಮುಂಚೆ ನೆಲ ನಡುಗಿತು. ನಮ್ಮೂರಲ್ಲಿ ಗೋಡೆ ಬಿರುಕು ಬಿಟ್ಟದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಆದರೆ ಲಾತೂರ, ಉಸ್ಮಾನಾಬಾದ ಕಡೆಯ ಸುದ್ದಿ ರೇಡಿಯೋದಲ್ಲಿ ಬರುತ್ತ ಹೋದಂತೆ ಊರಿಗೆ ಊರೇ ಸುಮ್ಮನಾಯಿತು. ಮರುದಿನ ನಮ್ಮೂರಿಂದ ಒಂದು ಟ್ರಕ್ಕು ಹೊರಟಿತು. ಮನೆಮನೆಯಿಂದ ರೊಟ್ಟಿ, ಚಟ್ನಿಪುಡಿ, ಬಟ್ಟೆ. ಅವ್ವ ಇದ್ದ ಒಂಬತ್ತು ಕೌದಿಗಳಲ್ಲಿ ಏಳನ್ನು ಎತ್ತಿ ಹಾಕಿದಳು. ಚಾಚಿ ಒಂದೇ ಒಂದು ತಂದರು. ಅದರ ನಡುವಿನ ಚೌಕ ಅವರ ತೀರಿಹೋದ ಗಂಡನ ಅಂಗಿಯದು. ಅಕ್ಕ "ಇದ ಬ್ಯಾಡ, ಬ್ಯಾರೆದು ಕೊಡು" ಎಂದದ್ದಕ್ಕೆ ಚಾಚಿ "ಬ್ಯಾರೆದು ತೆಳ್ಳಗ ಅದ" ಎಂದರಂತೆ. ಆಗ ನಾವೇ ಎರಡು ವಾರ ಅಂಗಳದಲ್ಲಿ, ಉಳಿದ ಎರಡು ಕೌದಿಗಳಲ್ಲಿ ಏಳು ಜನ ಮಲಗಿದ್ದೆವು.

ಇನ್ನು ಕೌದಿ ಒಗೆಯುವ ದಿನ. ದಸರೆಗೆ ಘಟ ಕೂಡ್ರಿಸುವ ಮುಂಚೆ ಮನೆಯ ಹಾಸಿಗೆ ಎಲ್ಲ ಹೊಳೆ ಕಾಣಬೇಕು, ಇದು ನಿಮ್ಮಲ್ಲಿಯೂ ಇರುವ ಪದ್ಧತಿ. ನಮ್ಮವರು ಬೋರಿ ಹೊಳೆಗೆ ಹೋಗುತ್ತಾರೆ. ಒದ್ದೆಯಾದ ಕೌದಿಯನ್ನು ಒಬ್ಬರೇ ಹಿಂಡಲು ಸಾಧ್ಯವಿಲ್ಲ. ಎರಡು ತುದಿ ಇಬ್ಬರು ಹಿಡಿದು ಎದುರುಬದುರು ತಿರುವಬೇಕು. ಯಾರ ಜೊತೆ ಯಾರು ಹಿಂಡುತ್ತಾರೆ ಎಂಬುದು ಊರಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಅಕ್ಕ ಮತ್ತು ಕಾಕು ಜೋಡಿ. ಚಾಚಿ ಮತ್ತು ಅತ್ತಮ್ಮ ಜೋಡಿ. ಮಧ್ಯಾಹ್ನ ಬಂಡೆಗಳ ಮೇಲೆ ಕೌದಿ ಹರವಿ, ಅವು ಒಣಗುವ ತನಕ ಬುತ್ತಿ ಬಿಚ್ಚಿ ಹರಟೆ. ನಾನು ಸಣ್ಣವನಿದ್ದಾಗ ಅವ್ವನ ಜೊತೆ ಹೋಗುತ್ತಿದ್ದೆ. ದೂರದಿಂದ ನೋಡಿದರೆ ಹೊಳೆಯ ದಂಡೆಗೆ ದಂಡೆಯೇ ಬಣ್ಣ ಬಣ್ಣ.

ಈಗ ನನ್ನ ತಪ್ಪಿನ ವಿಷಯ. 2006ರಲ್ಲಿ ಪುಣೆ ಕಡೆಯ ಒಬ್ಬ ವ್ಯಾಪಾರಿ ನಮ್ಮ ಶಾಖೆಗೆ ಡ್ರಾಫ್ಟು ತೆಗೆಸಲು ಬಂದಿದ್ದ. ಮಾತಿಗೆ ಮಾತು ಬಂದು ಮನೆಗೆ ಕರೆದುಕೊಂಡು ಹೋದೆ. ಅಕ್ಕನ ಕೌದಿ ನೋಡಿ ಹಿಗ್ಗಿದ. ಹನ್ನೆರಡು ಕೌದಿ ಬೇಕು, ಒಂದಕ್ಕೆ 800 ರೂಪಾಯಿ ಎಂದ. ಆದರೆ ಬಟ್ಟೆ ಹೊಸದು, ಅವನೇ ಕಳಿಸುತ್ತಾನೆ. ಬಣ್ಣ ಎರಡೇ, ನೀಲಿ ಮತ್ತು ಕೆಂಪು. ಎಲ್ಲವೂ ಒಂದೇ ಅಳತೆ, ಒಂದೇ ನಮೂನೆ. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಖುಷಿಯೇ ಆಯಿತು. ಮಧ್ಯಾಹ್ನದ ಹರಟೆಗೆ ನಾಲ್ಕು ಕಾಸು ಬಂದರೆ ಬೇಡವೇ?

ಹಣ ಹಂಚುವ ಜವಾಬ್ದಾರಿ ನನ್ನದು. ಬ್ಯಾಂಕಿನವನಲ್ಲವೇ, ಒಂದು ಕೆಂಪು ಬಟ್ಟೆಯ ರಟ್ಟಿನ ವಹಿ ತಂದೆ. ಪ್ರತಿ ಸಂಜೆ ಅಕ್ಕನ ಮನೆಗೆ ಹೋಗಿ, ಯಾರು ಎಷ್ಟು ಸಾಲು ಹೊಲಿದರು ಎಂದು ಎಣಿಸಿ ಅವರವರ ಹೆಸರಿನ ಮುಂದೆ ಬರೆದೆ. ಸಾಲಿಗೆ ಇಷ್ಟು ಎಂದು ದರ. ಇದಕ್ಕಿಂತ ನ್ಯಾಯ ಯಾವುದು ಎಂದು ನನ್ನ ಎಣಿಕೆ.

ಮೊದಲ ವಾರ ಎಲ್ಲರೂ ನಕ್ಕರು. ಎರಡನೆಯ ವಾರ ಪದ ನಿಂತಿತು. ಪದ ಹೇಳುತ್ತ ಕುಳಿತರೆ ಸಾಲು ಕಡಿಮೆ ಬೀಳುತ್ತವೆ. ಆಮೇಲೆ ಚಾಚಿ ಮನೆಗೆ ಒಯ್ದು ರಾತ್ರಿಯೂ ಹೊಲಿಯತೊಡಗಿದರು. ಅತ್ತಮ್ಮ ಅಂಗಡಿಯ ಗಲ್ಲೆಯ ಹಿಂದೆ ಕುಳಿತು ಹೊಲಿದರು. ಸುತ್ತು ಸಮ ಬರದೆ ಒಂದು ಕೌದಿ ಸೊಟ್ಟವಾಯಿತು, ಯಾರಿಂದ ಎಂದು ಮಾತು ಬಂತು. ನಾಲ್ಕು ಕೌದಿ ಮುಗಿದಾಗ ನಾನು ಲೆಕ್ಕ ಮಾಡಿ ಹಣ ಕೊಟ್ಟೆ. ಕಾಕೂಗೆ ಎಲ್ಲರಿಗಿಂತ ಕಡಿಮೆ ಬಂತು, ಚಾಚಿಗೆ ಬಂದದ್ದರ ಅರ್ಧ. ಅವರ ಹೊಲಿಗೆ ಸಣ್ಣದು, ದಿನಕ್ಕೆ ಸಾಲು ಕಡಿಮೆ. ವಹಿಯಲ್ಲಿ ಸಾಲು ಎಷ್ಟು ಎಂದಿತ್ತೇ ಹೊರತು ಎಂಥ ಸಾಲು ಎಂದು ಬರೆಯಲು ನಾನು ಜಾಗ ಬಿಟ್ಟಿರಲಿಲ್ಲ.

ಕಾಕು ಹಣ ಎಣಿಸಲಿಲ್ಲ. ಸೆರಗಿಗೆ ಕಟ್ಟಿಕೊಂಡರು. ತಮ್ಮ ಸೂಜಿ, ಬೆರಳಿಗೆ ಹಾಕುವ ಅಂಗುಸ್ತಾನ ಎತ್ತಿಕೊಂಡು ಮನೆಗೆ ಹೋದರು. ಮರುದಿನ ಬರಲಿಲ್ಲ. ನಾಲ್ಕು ವರ್ಷ ಬರಲಿಲ್ಲ. ಜಗಳವಿಲ್ಲ, ಮಾತು ಬಿಟ್ಟದ್ದೂ ಇಲ್ಲ, ಹಬ್ಬಕ್ಕೆ ಹೋಳಿಗೆ ಬರುತ್ತಿತ್ತು. ಆದರೆ ಆ ವರ್ಷ ದಸರೆಗೆ ಹೊಳೆಯಲ್ಲಿ ಅಕ್ಕನ ಕೌದಿಯ ಇನ್ನೊಂದು ತುದಿ ಹಿಡಿಯಲು ನಾನು ಹೋಗಬೇಕಾಯಿತು. ನನಗೆ ಹಿಂಡಲು ಬರುವುದಿಲ್ಲ. ಅಕ್ಕ ಇಡೀ ದಿನ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ವ್ಯಾಪಾರಿಯ ಉಳಿದ ಎಂಟು ಕೌದಿಯ ಬಟ್ಟೆಯನ್ನು ನಾನೇ ಎಸ್‌ಟಿ ಬಸ್ಸಿನಲ್ಲಿ ವಾಪಸು ಕಳಿಸಿದೆ.

ಹಾಗೆಂದು ಹಣ ಕೆಟ್ಟದ್ದು ಎಂದು ನಾನು ಹೇಳಲಾರೆ. ಆ ನಾಲ್ಕು ಕೌದಿಯ ದುಡ್ಡಿನಲ್ಲಿ ಚಾಚಿ ಮಗನ ಐಟಿಐ ಫೀಸು ತುಂಬಿದರು, ಅವನು ಇವತ್ತು ವಾಯರ್‌ಮನ್. ಹಿಂದೆಯೂ ಗೊಂದಲಿಗರ ಹೆಣ್ಣುಮಕ್ಕಳು ಕೂಲಿಗೆ ಕೌದಿ ಹೊಲಿದುಕೊಡುತ್ತಿದ್ದರು, ಅದು ಅವರ ಹೊಟ್ಟೆಪಾಡು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗಳು 2011ರಲ್ಲಿ ಅಮೇರಿಕದ ಪ್ರದರ್ಶನಕ್ಕೆ ಹೋಗಿದ್ದವು. ಮೊಮ್ಮಗಳು ಮೊಬೈಲಿನಲ್ಲಿ ಅವುಗಳ ಚಿತ್ರ ತೋರಿಸಿದಾಗ ಅಕ್ಕ ಮೂಲೆಯ ಮುಮ್ಮೂಲೆ ತುಂಡುಗಳನ್ನು ಬೆರಳಿಟ್ಟು ನೋಡಿ, "ಇವರದೂ ನಮ್ಮಂಗೇ ಅಂಚಿಲಿಂದ ಒಳಗ ಬರ್ತದ" ಅಂದಳು. ತಪ್ಪು ನನ್ನ ವಹಿಯದು. ಯಾರ ಸಾಲು ಎಷ್ಟು ಎಂದು ಕೇಳಬಾರದಿತ್ತು. ಕೌದಿಗೆ ಇಷ್ಟು ಎಂದು ಕೊಟ್ಟು, ಹಂಚಿಕೊಳ್ಳುವುದನ್ನು ಅವರಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಅಷ್ಟು ತಿಳಿಯಲು ನನಗೆ ನಾಲ್ಕು ವರ್ಷ ಬೇಕಾಯಿತು.

ಕಾಕು ತಿರುಗಿ ಬಂದದ್ದು 2010ರಲ್ಲಿ. ಅವರಿಗೆ ಮೊಮ್ಮಗ ಹುಟ್ಟಿದ್ದ. ಕೂಸಿನ ಮೊದಲ ಕೌದಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಬಾಳಿ ಬದುಕಿದ ಹಿರಿಯರ ಮೆತ್ತನೆಯ ಹಳೆ ಬಟ್ಟೆ ಬೇಕು, ನಾಲ್ಕು ಮನೆಯದಾದರೆ ಇನ್ನೂ ಒಳ್ಳೆಯದು. ಎಂಬತ್ತೆಂಟು ವರ್ಷ ಬಾಳಿದ ನಮ್ಮ ಅಪ್ಪನ ಧೋತರದ ತುಂಡು ಕೇಳಿಕೊಂಡು ಬಂದರು. ಅಂದು ರವಿವಾರ, ನಾನು ಅಲ್ಲೇ ಇದ್ದೆ. ಅಕ್ಕ ಪೆಟ್ಟಿಗೆಯಿಂದ ಧೋತರ ತೆಗೆದು ಹರಿದುಕೊಟ್ಟಳು. ಕಾಕು ಅದನ್ನು ಮಡಚುತ್ತ ನನ್ನ ಕಡೆ ನೋಡಿ, "ವಹಿ ಕುಠೇ ಆಹೇ ಭಾವು? ಹೇ ಪಣ ಲಿಹೂನ ಠೇವಾ" ಎಂದರು. ಚಾಚಿ ಬಾಯಿಗೆ ಸೆರಗು ಹಿಡಿದರು. ನಾನು ಏನೂ ಅನ್ನದೆ ಹೊರಗೆ ಹೋಗಿ ಎಮ್ಮೆಗೆ ನೀರು ಕುಡಿಸಿದೆ. ಮರುದಿನ ಮಧ್ಯಾಹ್ನ ಅವರು ತಮ್ಮ ಮಗ್ಗುಲಿಗೆ ಬಂದು ಕುಳಿತಿದ್ದರು.

ಈಗ ಹಂಗಾಮಿಗೆ ಒಂದು ಕೌದಿ ಆದರೆ ಹೆಚ್ಚು. ಕಾರಣ ನಿಮಗೂ ಗೊತ್ತಿರುವಂಥವೇ. ಹತ್ತಿ ಸೀರೆ ಹೋಯಿತು. ಪಾಲಿಸ್ಟರ ಸೀರೆ ಕೌದಿಗೆ ಒಗ್ಗುವುದಿಲ್ಲ. ಜಾರುತ್ತದೆ, ಬೆವರು ಹೀರುವುದಿಲ್ಲ, ಬೇಸಿಗೆಯಲ್ಲಿ ಮೈಗೆ ಅಂಟುತ್ತದೆ. ಸೊಲ್ಲಾಪುರದಲ್ಲಿ 1870ರ ದಶಕದಲ್ಲಿ ಸುರುವಾದ ಜುನಿ ಗಿರಣಿಯಿಂದ ಹಿಡಿದು ದೊಡ್ಡ ಗಿರಣಿಗಳೆಲ್ಲ ಒಂದೊಂದಾಗಿ ಮುಚ್ಚಿದವು. ಅಲ್ಲಿಂದ ಊರಿಗೆ ಬರುವ ಕೆಲಸಗಾರರ ಚೀಲದಲ್ಲಿ ಬರುತ್ತಿದ್ದ ತುಂಡು ಬಟ್ಟೆಯೂ ನಿಂತಿತು. ಹಳೆ ಬಟ್ಟೆ ಕೊಟ್ಟರೆ ಸ್ಟೀಲಿನ ಪಾತ್ರೆ ಕೊಡುವವರು ಬಾಗಿಲಿಗೇ ಬರುತ್ತಾರೆ. ಸಂತೆಯಲ್ಲಿ ಪಾಣಿಪತ್ತಿನ ರಗ್ಗು ಅಗ್ಗ, ಮೇಲೆ ಹುಲಿಯ ಚಿತ್ರ ಬೇರೆ. ಒಂದು ತಮಾಷೆ ಹೇಳುತ್ತೇನೆ. ಇವತ್ತು ಹಳ್ಳಿಯ ಮನೆಯಲ್ಲಿ ಶುದ್ಧ ಹತ್ತಿ ಬಟ್ಟೆ ಬೇಕಾದರೆ ಹೆಣ್ಣುಮಕ್ಕಳ ಹಳೆ ನೈಟಿ ಹುಡುಕಬೇಕು. ಮೊದಲು ನೈಟಿ ಕಂಡರೆ ಮೂಗು ಮುರಿಯುತ್ತಿದ್ದ ಅಕ್ಕ ಈಗ ಸೊಸೆಯಂದಿರ ನೈಟಿ ಯಾವಾಗ ಹರಿಯುತ್ತದೆ ಎಂದು ಕಾಯುತ್ತಾಳೆ.

ಅತ್ತಮ್ಮ 2021ರಲ್ಲಿ ತೀರಿಕೊಂಡರು. ಕೊರೋನಾ ಕಾಲ, ನಾಲ್ಕು ಜನ ಹೋಗಿ ನೋಡಲೂ ಆಗಲಿಲ್ಲ. ಅವರ ಮಗ್ಗುಲು ಖಾಲಿ. ಅವರು ಕೊನೆಗೆ ಹೊಲಿದ ಕೌದಿಯನ್ನು ಅವರ ಮಗ ಅಕ್ಕನಿಗೇ ಕೊಟ್ಟ. ಅದರಲ್ಲಿ ಅವರ ಬಿಗಿ ಸಾಲು ಎಲ್ಲಿ ನಿಂತು, ಅಲ್ಲಿಂದ ಮುಂದೆ ಚಾಚಿಯ ಉದ್ದ ಹೊಲಿಗೆ ಎಲ್ಲಿ ಸುರುವಾಗಿದೆ ಎಂದು ನಾನು ತೋರಿಸಬಲ್ಲೆ. ತೋರಿಸು ಎಂದು ಯಾರೂ ಕೇಳಿಲ್ಲ.

ಅಕ್ಕನಿಗೆ ಕಾಚಬಿಂದು. ಮೋತಿಬಿಂದು ಆಗಿದ್ದರೆ ಆಪರೇಶನ್ ಮಾಡಿ ತೆಗೆಯಬಹುದಿತ್ತು. ಇದರಲ್ಲಿ ಹೋದ ನೋಟ ತಿರುಗಿ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಲು ದಿನಾ ಔಷಧಿ ಹನಿ ಹಾಕಬೇಕು ಎಂದು ಸೊಲ್ಲಾಪುರದ ಡಾಕ್ಟರು ಹೇಳಿದರು. ನಲವತ್ತು ದಾಟಿದವರು ಕಣ್ಣು ನೋಯದಿದ್ದರೂ ಒಮ್ಮೆ ತೋರಿಸಿಕೊಳ್ಳಿರಿ. ಇದು ನೋವಿಲ್ಲದೆ ಅಂಚಿನಿಂದ ಸುರುವಾಗಿ ಒಳಗೆ ಬರುತ್ತದೆ. ಡಾಕ್ಟರು ಹಾಗೆ ವಿವರಿಸಿದಾಗ ಅಕ್ಕ, "ಕೌದಿ ಹೊಲಿಗಿ ಇದ್ದಂಗ ಅನ್ರಿ" ಎಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ.

ಊರಿಗೆ ಬಂದ ಮೇಲೆ ಅವಳು ಅವ್ವನ ಪೆಟ್ಟಿಗೆ ತೆಗೆಸಿದಳು. ತಳದಲ್ಲಿ ಅವ್ವನ ಚಂದ್ರಕಾಳಿ ಇತ್ತು, ಇಳಕಲ್ಲಿನದು, ಕಪ್ಪು ಮೈ, ಕೆಂಪು ಟೋಪು ಸೆರಗು. ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಮಗ್ಗದ ಮೇಲೆ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವುದು ಇಳಕಲ್ಲಿನ ನೇಕಾರರ ಕೆಲಸ. ಮಡಿಕೆಯಲ್ಲಿ ಬಟ್ಟೆ ಜೂಲು ಬಿಟ್ಟಿತ್ತು, ಕೊಂಡಿ ಮಾತ್ರ ಗಟ್ಟಿ. ಮೂವತ್ತು ವರ್ಷ ಯಾವ ಕೌದಿಗೂ ಹಾಕದೆ ಇಟ್ಟ ಸೀರೆ. "ಕಣ್ಣಿಗಿ ಕಾಣ್ತಿರಬೇಕಾದ್ರೇ ಇದರದೊಂದು ಆಗ್ಲಿ" ಎಂದಳು. ಕೊಂಡಿ ಇದ್ದ ಪಟ್ಟಿಯನ್ನು ಕತ್ತರಿಸದೆ ಹಾಗೆಯೇ ನಡುವೆ ಇಟ್ಟಳು. ಅದರ ಸುತ್ತ ಅಪ್ಪನ ರುಮಾಲು, ಅತ್ತಮ್ಮನ ಒಂದು ಸೀರೆಯ ತುಂಡು, ಚಾಚಿಯ ಓಢಣಿ, ಕಾಕೂನ ಹಸಿರು ಲುಗಡೆ, ಎರಡು ನೈಟಿ, ಮತ್ತು ನನ್ನ ಬ್ಯಾಂಕಿನ ಬಿಳಿ ಅಂಗಿಯ ಬೆನ್ನು.

ಅದೇ ಕೌದಿ ಈಗ ಪಡಸಾಲೆಯಲ್ಲಿದೆ. ಅಕ್ಕ ಹೆಚ್ಚುಕಡಿಮೆ ಕೈಯಿಂದಲೇ ನೋಡಿ ಹೊಲಿಯುತ್ತಾಳೆ. ಎಡಗೈ ಅಡಿಯಲ್ಲಿಟ್ಟು ಸೂಜಿಯ ಮೊನೆ ಬೆರಳಿಗೆ ತಾಕಿದ ಮೇಲೆ ಮೇಲಕ್ಕೆ ತಿರುಗಿಸುತ್ತಾಳೆ. ಸಾಲು ಇನ್ನೂ ನೇರವೇ ಇದೆ. ಕಳೆದ ತಿಂಗಳು ಎರಡು ಕಡೆ ಓರೆಯಾಯಿತು. ನಾನು ಹೇಳಲಿಲ್ಲ, ಚಾಚಿಯೂ ಹೇಳಲಿಲ್ಲ. ಬೆರಳಾಡಿಸಿ ಅವಳೇ ಕಂಡುಕೊಂಡು, ಬಿಚ್ಚಿ ಮತ್ತೆ ಹೊಲಿದಳು.

ನಡುವೆ ಅಂಗೈಯಗಲ ಬಿಟ್ಟಿದೆ. ನಮ್ಮ ಮನೆಯಲ್ಲಿ ಕೌದಿಯನ್ನು ಬರಿಹೊಟ್ಟೆಯಲ್ಲಿ ಮುಚ್ಚುವುದಿಲ್ಲ. ಕೊನೆಯ ಸುತ್ತಿಗೆ ಮುಂಚೆ ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲ ಒಳಗಿಟ್ಟು, ಅರಿಷಿಣ ಕುಂಕುಮ ಹಚ್ಚಿ ಹೊಲಿಯುತ್ತಾರೆ. ಕೌದಿ ಹಸಿದಿದ್ದರೆ ಹೊದ್ದವರೂ ಹಸಿದಿರುತ್ತಾರೆ ಎಂದು ಅವ್ವ ಹೇಳುತ್ತಿದ್ದಳು. ರೊಟ್ಟಿ ಇಡುವುದಕ್ಕೆ ಎಲ್ಲರೂ ಇರಬೇಕು. ಕಾಕು ಮೊಣಕಾಲಿನ ಆಪರೇಶನ್ನಿಗೆ ಪುಣೆಯಲ್ಲಿ ಮಗನ ಮನೆಗೆ ಹೋಗಿದ್ದಾರೆ, ದಸರೆಯ ಮುಂಚೆ ಬರುತ್ತೇನೆಂದು ಫೋನು ಮಾಡಿದ್ದಾರೆ. ಚಾಚಿ ಎರಡು ಸಲ "ನಾವ ಇಬ್ರೇ ಮುಚ್ಚಿಬಿಡಮಾ" ಎಂದರು. ಅಕ್ಕ ಒಪ್ಪಲಿಲ್ಲ. ಅಂಚಿನ ಕಡೆ ಬಿಟ್ಟದ್ದು, ಹಳೆ ಟಾಕಿ ತೆಗೆಯುವುದು, ಅಂಥ ಸಣ್ಣ ಪುಟ್ಟ ಕೆಲಸ ಮಾಡುತ್ತ ಕುಳಿತಿದ್ದಾರೆ.

ದಿನಾ ಇಪ್ಪತ್ತು ಸೂಜಿ ಪೋಣಿಸಿದ ಮೇಲೆ ನಾನು ಇನ್ನೊಂದು ಪೋಣಿಸುತ್ತೇನೆ. ತೆಳುವಾದ ಸೂಜಿ, ಸಣ್ಣ ಹೊಲಿಗೆಯದು. ಅದನ್ನು ಬೆಂಡಿನ ತುದಿಗೆ ಬೇರೆಯಾಗಿ ಚುಚ್ಚಿಡುತ್ತೇನೆ. ಏಳುವ ಮುಂಚೆ ಅಕ್ಕ ಕೇಳುತ್ತಾಳೆ:

"ಕಾಕೂನ ಸೂಜಿ ಅದ ಏನೋ ತಮ್ಮಾ?"

"ಅದವಾ" ಎನ್ನುತ್ತೇನೆ.